ಚಿಮಣಿಯಲ್ಲಿ ಹೋಗುತ್ತಿದ್ದ ದುಡ್ಡು: ಫೈರ್‌ಪ್ಲೇಸ್ ಸರಿಪಡಿಸಿದ ಅನುಭವ

ಅಮೆರಿಕದ ಈಶಾನ್ಯ ಭಾಗದಲ್ಲಿ ಹಳೆಯ ಮನೆ ಕೊಂಡ ನಮ್ಮವರಲ್ಲಿ ಹಲವರ ನಡುಮನೆಯಲ್ಲಿ ಇಟ್ಟಿಗೆಯ ಫೈರ್‌ಪ್ಲೇಸ್ ಇರುತ್ತದೆ. ಅದರ ಮೇಲಿನ ಮರದ ಹಲಗೆಯಲ್ಲಿ ಗಣಪತಿ, ಮಕ್ಕಳ ಫೋಟೋ, ಊರಿಂದ ತಂದ ಚನ್ನಪಟ್ಟಣದ ಗೊಂಬೆ. ಬೆಂಕಿ ಹಾಕುವುದು ಮಾತ್ರ ಅಪರೂಪ, ನೆಂಟರು ಬಂದಾಗಲೋ ಹಿಮ ಸುರಿದ ಭಾನುವಾರವೋ. ಮಿಕ್ಕ ದಿನಗಳಲ್ಲಿ ಅದು ಸುಮ್ಮನಿರುತ್ತದೆ ಎಂದು ಎಲ್ಲರೂ ತಿಳಿದಿರುತ್ತಾರೆ. ಸುಮ್ಮನಿರುವುದಿಲ್ಲ. ನೀವು ದುಡ್ಡು ಕೊಟ್ಟು ಬಿಸಿ ಮಾಡಿದ ಗಾಳಿಯನ್ನು ಹಗಲೂ ರಾತ್ರಿ ಮೇಲಕ್ಕೆ ಸಾಗಿಸುತ್ತಿರುತ್ತದೆ. ಅದನ್ನು ನಿಲ್ಲಿಸಲು ನಮಗೆ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ಯಾವುದರ ಹಿಂದೆ ಯಾವುದನ್ನು ಮಾಡಿಸಬೇಕು, ಎಲ್ಲಿ ಕಾಯಬೇಕಾಗುತ್ತದೆ, ಯಾವ ಕಾಗದ ಇಟ್ಟುಕೊಳ್ಳಬೇಕು ಎಂಬುದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ನಮ್ಮದು ಮ್ಯಾಸಚೂಸೆಟ್ಸ್ ರಾಜ್ಯದ ವೆಸ್ಟ್‌ಬರೋದಲ್ಲಿರುವ 1968ರ ಮನೆ. ನಮ್ಮ ಬೀದಿಗೆ ಗ್ಯಾಸ್ ಪೈಪ್ ಬಂದಿಲ್ಲ. ನೆಲಮಾಳಿಗೆಯಲ್ಲಿ 275 ಗ್ಯಾಲನ್ನಿನ ಎಣ್ಣೆ ಟ್ಯಾಂಕು, ಪಕ್ಕದಲ್ಲಿ ಆ ಎಣ್ಣೆ ಉರಿಸಿ ಮನೆ ಬಿಸಿ ಮಾಡುವ ಬಾಯ್ಲರ್. 2025ರ ಜನವರಿಯಲ್ಲಿ ಎಣ್ಣೆಯ ಬಿಲ್ಲು ನೋಡಿ ನನ್ನ ಹೆಂಡತಿ, "ಇಷ್ಟು ದುಡ್ಡಿಗೆ ಮನೆ ಬೆಚ್ಚಗಾದರೂ ಇರಬೇಕಲ್ಲ" ಎಂದಳು. ಬೆಚ್ಚಗಿರಲಿಲ್ಲ. ವಿಚಿತ್ರವೆಂದರೆ ಫೈರ್‌ಪ್ಲೇಸ್‌ನಲ್ಲಿ ಬೆಂಕಿ ಹಾಕಿದ ದಿನವೇ ಮಕ್ಕಳ ಕೋಣೆ ಇನ್ನಷ್ಟು ತಣ್ಣಗಾಗುತ್ತಿತ್ತು.

ಇದಕ್ಕೆ ಕಾರಣ ಎರಡು. ತೆರೆದ ಫೈರ್‌ಪ್ಲೇಸ್ ಉರಿಯುವಾಗ ಗಂಟೆಗೆ ಸಾವಿರಾರು ಘನ ಅಡಿ ಗಾಳಿಯನ್ನು ಚಿಮಣಿಗೆ ಎಳೆದುಕೊಳ್ಳುತ್ತದೆ. ಹೋದ ಗಾಳಿಯ ಜಾಗಕ್ಕೆ ಕಿಟಕಿ ಬಾಗಿಲುಗಳ ಸಂದಿನಿಂದ ಹೊರಗಿನ ಶೀತಲ ಗಾಳಿ ನುಗ್ಗುತ್ತದೆ. ಎರಡನೆಯದು, ನಮ್ಮ ಥರ್ಮೋಸ್ಟ್ಯಾಟ್ ಇರುವುದು ನಡುಮನೆಯ ಗೋಡೆಯಲ್ಲಿ. ಬೆಂಕಿಯ ಶಾಖ ತಗುಲಿದ ಕೂಡಲೇ ಅದು ಮನೆಯೆಲ್ಲ ಬಿಸಿಯಾಗಿದೆ ಎಂದುಕೊಂಡು ಬಾಯ್ಲರನ್ನು ನಿಲ್ಲಿಸುತ್ತಿತ್ತು. ಹಳೆಯ ತೆರೆದ ಫೈರ್‌ಪ್ಲೇಸ್‌ಗಳಲ್ಲಿ ಸೌದೆಯ ಶಾಖದ ಹತ್ತರಲ್ಲಿ ಒಂಬತ್ತು ಪಾಲಿನವರೆಗೆ ಚಿಮಣಿಯ ಪಾಲಾಗಬಹುದು. ಅದಕ್ಕಿಂತ ದೊಡ್ಡ ನಷ್ಟ ಬೆಂಕಿ ಆರಿದ ಮೇಲೆ. ಕೆಂಡ ಪೂರ್ತಿ ಆರುವವರೆಗೆ ಡ್ಯಾಂಪರ್, ಅಂದರೆ ಚಿಮಣಿಯ ಗಂಟಲಿನ ಕಬ್ಬಿಣದ ಮುಚ್ಚಳ, ಮುಚ್ಚುವಂತಿಲ್ಲ. ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಮನೆಗೆ ತುಂಬಿ ಜೀವಕ್ಕೇ ಅಪಾಯ. ಹಾಗಾಗಿ ಎಲ್ಲರೂ ಮಲಗಿದ ಮೇಲೆ ಇಡೀ ರಾತ್ರಿ ಅದು ತೆರೆದೇ ಇರುತ್ತದೆ.

ಆಗ ನನ್ನ ಅಮ್ಮ ತೀರ್ಥಹಳ್ಳಿ ಕಡೆಯಿಂದ ಬಂದಿದ್ದರು. ಡ್ಯಾಂಪರ್ ಮುಚ್ಚಿದ್ದಾಗಲೂ ಆ ಮೂಲೆಯಲ್ಲಿ ಕೂತರೆ ಕಾಲಿಗೆ ಗಾಳಿ ಹೊಡೆಯುತ್ತದೆ ಎಂದು ಅವರು ಮೊದಲಿನಿಂದ ಹೇಳುತ್ತಿದ್ದರು. ಒಂದು ಸಂಜೆ ದೇವರ ಮುಂದಿನ ಊದುಬತ್ತಿಯನ್ನೇ ತಂದು ಫೈರ್‌ಪ್ಲೇಸ್‌ನ ಬಾಯಿಯ ಹತ್ತಿರ ಹಿಡಿದೆವು. ಅಡುಗೆಮನೆಯಲ್ಲಿ ನೆಟ್ಟಗೆ ಏಳುತ್ತಿದ್ದ ಹೊಗೆ ಇಲ್ಲಿ ಅಡ್ಡಲಾಗಿ ಬಾಗಿ ಒಳಗೆ ನುಸುಳಿ ಮೇಲಕ್ಕೆ ಮಾಯವಾಯಿತು. ಟಾರ್ಚ್ ಹಿಡಿದು ನೋಡಿದರೆ ಡ್ಯಾಂಪರಿನ ತಟ್ಟೆ ಬೆಂಕಿಯ ಶಾಖಕ್ಕೆ ಸೊಟ್ಟಗಾಗಿತ್ತು. ಒಂದು ಬದಿಯಲ್ಲಿ ಬೆರಳು ತೂರುವಷ್ಟು ಸಂದು. ಖರ್ಚಿಲ್ಲದ ಈ ಪರೀಕ್ಷೆಯನ್ನು ನೀವೂ ಮಾಡಿ. ಗಾಳಿ ಬೀಸುವ ಚಳಿಯ ದಿನವಾದರೆ ಫಲಿತಾಂಶ ಇನ್ನೂ ಸ್ಪಷ್ಟ.

ನಾವು ಮೊದಲು ಮಾಡಿದ್ದು ಉಣ್ಣೆಯ ಪ್ಲಗ್ ತಂದದ್ದು. ದಪ್ಪ ಉಣ್ಣೆಯ ಬಿಲ್ಲೆ, ಕೆಳಗೆ ಹಿಡಿ. ಡ್ಯಾಂಪರಿನ ಕೆಳಗೆ ಒತ್ತಿ ಕೂರಿಸಿದರೆ ಮುಗಿಯಿತು. ಅರವತ್ತು ಡಾಲರ್ ಆಯಿತು. ಬೆಂಕಿ ಹಾಕುವ ಮುನ್ನ ಅದನ್ನು ತೆಗೆಯಲೇಬೇಕು, ಅದಕ್ಕೆ ಎದ್ದು ಕಾಣುವ ಕೆಂಪು ಪಟ್ಟಿಯೊಂದನ್ನು ಕಟ್ಟಿ ಹೊರಗೆ ಇಳಿಬಿಟ್ಟೆವು. ವರ್ಷಕ್ಕೆ ಒಂದೆರಡು ಸಲ ಬೆಂಕಿ ಹಾಕುವವರು ಚಿಮಣಿಯನ್ನು ಒಮ್ಮೆ ತಪಾಸಣೆ ಮಾಡಿಸಿ, ಈ ಪ್ಲಗ್ ಕೊಂಡು, ಇಲ್ಲಿಗೇ ನಿಲ್ಲಿಸಬಹುದು. ಮುಂದಿನ ಖರ್ಚು ಅವರಿಗೆ ಬೇಕಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಒಂದು ಎಚ್ಚರಿಕೆ: ಹಲವು ಮನೆಗಳಲ್ಲಿ ಒಂದೇ ಚಿಮಣಿಯೊಳಗೆ ಎರಡು ಹೊಗೆಕೊಳವೆ ಇರುತ್ತವೆ, ಒಂದು ಫೈರ್‌ಪ್ಲೇಸ್‌ದು, ಇನ್ನೊಂದು ಬಾಯ್ಲರ್‌ದು. ನಮ್ಮದೂ ಹಾಗೆಯೇ. ಬಾಯ್ಲರಿನ ಕೊಳವೆಗೆ ಏನನ್ನೂ ತುರುಕಬಾರದು. ಗೊತ್ತಾಗದಿದ್ದರೆ ತಿಳಿದವರನ್ನು ಕರೆಸಿ.

ಮುಂದೆ, ವಿದ್ಯುತ್ ಮತ್ತು ಗ್ಯಾಸ್ ಕಂಪನಿಗಳು ಸೇರಿ ನಡೆಸುವ 'ಮಾಸ್ ಸೇವ್' ಯೋಜನೆಯಡಿ ಮನೆಯ ಶಕ್ತಿ ತಪಾಸಣೆಗೆ ಹೆಸರು ಬರೆಸಿದೆವು. ತಪಾಸಣೆ ಉಚಿತ. ಊರಿನ ಪುರಸಭೆಯೇ ವಿದ್ಯುತ್ ಕೊಡುವ ಕಡೆ ಸಾಮಾನ್ಯವಾಗಿ ಈ ಯೋಜನೆ ಸಿಗುವುದಿಲ್ಲ. ನಿಮ್ಮ ಬಿಲ್ಲಿನ ಮೇಲಿನ ಹೆಸರು ನೋಡಿಕೊಳ್ಳಿ. ಚಳಿಗಾಲದ ನಡುವೆ ಎಲ್ಲರಿಗೂ ಇದೇ ನೆನಪಾಗುವುದರಿಂದ ಸರದಿ ಬರಲು ವಾರಗಟ್ಟಲೆ ಕಾಯಬೇಕಾಯಿತು. ಬಂದವರು ಫೈರ್‌ಪ್ಲೇಸ್ ನೋಡಿ ತಲೆಯಾಡಿಸಿ ನೇರ ಅಟ್ಟ ಹತ್ತಿದರು. ಅಲ್ಲಿ ಅವರು ತೋರಿಸಿದ್ದನ್ನು ನಾನು ಊಹಿಸಿರಲೂ ಇಲ್ಲ. ಬೆಂಕಿಯ ಭಯಕ್ಕೆ ಇಟ್ಟಿಗೆಯ ಚಿಮಣಿಗೂ ಮನೆಯ ಮರದ ಚೌಕಟ್ಟಿಗೂ ನಡುವೆ ಎರಡು ಅಂಗುಲ ಬಿಟ್ಟು ಕಟ್ಟುತ್ತಾರೆ. ಆ ಸಂದು ನೆಲಮಾಳಿಗೆಯಿಂದ ಅಟ್ಟದವರೆಗೆ ನೇರ ಹೋಗುತ್ತದೆ. ಚಿಮಣಿಯ ಒಳಗಿಂದ ಹೋಗುವ ಗಾಳಿ ಒಂದು, ಚಿಮಣಿಯ ಸುತ್ತಲಿನ ಈ ಸಂದಿನಿಂದ ಹೋಗುವ ಗಾಳಿ ಇನ್ನೊಂದು. ಅಲ್ಲಿ ಹಾಸಿದ್ದ ಗುಲಾಬಿ ಬಣ್ಣದ ಗಾಜುನಾರು ಹಾಸಿಗೆಯ ಅಂಚು ಕಪ್ಪಗಾಗಿತ್ತು. ಹೊಗೆಯಿಂದಲ್ಲ; ದಶಕಗಳ ಕಾಲ ಮನೆಯ ಗಾಳಿ ಅದರ ಮೂಲಕ ಸೋಸಿ ಹೋಗಿ ಧೂಳು ಹಿಡಿದಿತ್ತು.

ಇದನ್ನು ಪೇಟೆಯಲ್ಲಿ ಸಿಗುವ ನೊರೆಯ ಡಬ್ಬಿ ತಂದು ತುಂಬಬೇಡಿ, ಅದು ಹೊತ್ತಿಕೊಳ್ಳುವ ವಸ್ತು. ತಗಡಿನ ಪಟ್ಟಿ ಕತ್ತರಿಸಿ ಮೊಳೆ ಹೊಡೆದು, ಅಂಚಿಗೆ ಶಾಖ ತಡೆಯುವ ಸೀಲಂಟ್ ಹಚ್ಚಬೇಕು. ಗುತ್ತಿಗೆದಾರರು ವಸಂತದಲ್ಲಿ ಬಂದು ಇದನ್ನು ಮಾಡಿದರು. ಸಂದು ಮುಚ್ಚುವ ಕೆಲಸಕ್ಕೆ ನಾವು ಏನೂ ಕೊಡಬೇಕಾಗಲಿಲ್ಲ, ಅಟ್ಟದ ಶಾಖನಿರೋಧಕ ಹೊದಿಕೆಗೆ ಮಾತ್ರ ನಮ್ಮ ಪಾಲು ಕಟ್ಟಿದೆವು. ಕೆಲಸದ ಮುಂಚೆ ಮತ್ತು ನಂತರ ಮುಂಬಾಗಿಲಿಗೆ ದೊಡ್ಡ ಫ್ಯಾನ್ ಕಟ್ಟಿ ಮನೆಯ ಗಾಳಿಯನ್ನು ಹೊರಗೆ ಎಳೆದು, ಒಳಗಿನ ಒತ್ತಡವನ್ನು 50 ಪಾಸ್ಕಲ್‌ನಷ್ಟು ತಗ್ಗಿಸಿ ಸೋರಿಕೆ ಅಳೆಯುತ್ತಾರೆ. ಅದಕ್ಕೆ ಮುಂಚೆ ಫೈರ್‌ಪ್ಲೇಸ್‌ನ ಬೂದಿಯನ್ನು ಒಂದು ಚಿಟಿಕೆಯೂ ಉಳಿಯದಂತೆ ತೆಗೆದುಬಿಡಿ, ಇಲ್ಲವಾದರೆ ಸೋಫಾದ ಮೇಲೆಲ್ಲ ಹಾರಿ ಬರುತ್ತದೆ.

ಇಷ್ಟರಲ್ಲಿ ಮನೆಯಲ್ಲಿ ಚರ್ಚೆ ಶುರುವಾಗಿತ್ತು. ಫೈರ್‌ಪ್ಲೇಸನ್ನು ಶಾಶ್ವತವಾಗಿ ಮುಚ್ಚಿಬಿಡೋಣ ಎಂದು ನಾನು. ಬಿರುಗಾಳಿಗೆ ಕರೆಂಟು ಹೋದಾಗ ಬಾಯ್ಲರ್ ನಡೆಯುವುದಿಲ್ಲ, ಆಗ ಮಕ್ಕಳನ್ನು ಎಲ್ಲಿ ಮಲಗಿಸುತ್ತೀರಿ ಎಂದು ಹೆಂಡತಿ. ಅವಳ ವಾದವೇ ಗೆದ್ದಿತು. ಇಡೀ ಮನೆಗೆ ಶಾಖ ಬೇಕಾದವರು ಹೀಟ್ ಪಂಪ್, ಅಂದರೆ ಹೊರಗಿನ ಶಾಖವನ್ನು ಕರೆಂಟಿನಿಂದ ಒಳಗೆ ತರುವ ಯಂತ್ರದ ಬಗ್ಗೆ ಯೋಚಿಸಬೇಕು, ಅದರ ಲೆಕ್ಕಾಚಾರವೇ ಬೇರೆ. ನಮಗೆ ಬೇಕಾಗಿದ್ದು ಕರೆಂಟಿಲ್ಲದೆ ಉರಿಯುವ, ದಿನನಿತ್ಯವೂ ನಡುಮನೆಯನ್ನು ಬೆಚ್ಚಗಿಡುವ ವ್ಯವಸ್ಥೆ. ಹಾಗಾಗಿ ಇನ್ಸರ್ಟ್ ಹಾಕಿಸುವುದೆಂದು ತೀರ್ಮಾನಿಸಿದೆವು: ಫೈರ್‌ಪ್ಲೇಸ್‌ನ ಗೂಡಿನೊಳಗೆ ಕೂರುವ, ಗಾಜಿನ ಬಾಗಿಲಿನ ಎರಕದ ಒಲೆ. ಅದರ ಹೊಗೆ ಚಿಮಣಿಯೊಳಗೆ ಇಳಿಬಿಟ್ಟ ಸ್ಟೀಲ್ ಕೊಳವೆಯಲ್ಲಿ ಹೋಗುತ್ತದೆ.

ಅಮ್ಮನಿಗೆ ಇದನ್ನು ವಿವರಿಸಲು ಹೊರಟರೆ ಅವರೇ ನನಗೆ ವಿವರಿಸಿದರು. ನಮ್ಮ ಊರಿನ ಮನೆಯಲ್ಲಿ ಅಸ್ತ್ರ ಒಲೆ ಇತ್ತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರದವರು ರೂಪಿಸಿದ, ಮೂರು ಪಾತ್ರೆ ಕೂರುವ ಮಣ್ಣಿನ ಒಲೆ. "ಬಾಯಿ ತೆರೆದ ಒಲೆಗೆ ಎಷ್ಟು ಸೌದೆ ಹಾಕಿದರೂ ಸಾಲದು. ಬಾಯಿ ಮುಚ್ಚಿ, ಕೆಳಗಿನ ಜಾಲರಿಯಿಂದ ಬೇಕಾದಷ್ಟೇ ಗಾಳಿ ಬಿಟ್ಟರೆ ಅರ್ಧ ಸೌದೆಗೆ ಅನ್ನ ಆಗುತ್ತಿತ್ತು. ಅಡುಗೆಮನೆಯಲ್ಲಿ ಇಲ್ಲಣವೂ ಕಟ್ಟುತ್ತಿರಲಿಲ್ಲ" ಎಂದರು. ಇನ್ಸರ್ಟಿನ ಗುಟ್ಟೂ ಅದೇ. ಉರಿಗೆ ಹೋಗುವ ಗಾಳಿಯನ್ನು ಅಳತೆಯಲ್ಲಿಟ್ಟು, ಹೊಗೆಯನ್ನೂ ಒಳಗೇ ಮತ್ತೆ ಉರಿಸಿ, ಸೌದೆಯ ಶಾಖದ ಮುಕ್ಕಾಲು ಭಾಗದವರೆಗೆ ಕೋಣೆಗೆ ಕೊಡುತ್ತದೆ.

ಅಂಗಡಿಗೆ ಹೋಗುವ ಮೊದಲು ಚಿಮಣಿ ತಪಾಸಣೆ ಮಾಡಿಸಿ. ಇಲ್ಲಿ ಮೂರು ಹಂತದ ತಪಾಸಣೆಗಳಿವೆ. ಒಲೆ ಬದಲಿಸುವಾಗ ಅಥವಾ ಮನೆ ಕೈ ಬದಲಾಗುವಾಗ ಕ್ಯಾಮೆರಾ ಇಳಿಸಿ ನೋಡುವ ಎರಡನೆಯ ಹಂತದ್ದೇ ಆಗಬೇಕು. ಬಂದ ಚಿಮಣಿ ಕೆಲಸಗಾರ ಮಿತಭಾಷಿ. ಗೂಡಿನ ಮುಂದೆ ಬಟ್ಟೆ ಹಾಸಿ, ಕಡ್ಡಿಯ ತುದಿಯ ಕ್ಯಾಮೆರಾವನ್ನು ನಿಧಾನವಾಗಿ ಮೇಲಕ್ಕೆ ತಳ್ಳುತ್ತಾ, ಪರದೆಯಲ್ಲಿ ಒಂದು ಕಡೆ ನಿಲ್ಲಿಸಿ ಬೆರಳಿಟ್ಟು ತೋರಿಸಿದ. ಒಳಗಿನ ಸುಟ್ಟ ಮಣ್ಣಿನ ಹಂಚುಗಳಲ್ಲಿ ಉದ್ದುದ್ದ ಬಿರುಕು. ಒಂದು ಕಡೆ ಗಾರೆ ಉದುರಿ ಹಿಂದಿನ ಇಟ್ಟಿಗೆ ಕಾಣುತ್ತಿತ್ತು. ಅದರ ಮೇಲೆ ಹೊಳೆಯುವ ಕಪ್ಪು ಕ್ರಿಯೋಸೋಟ್, ಅಂದರೆ ಹಸಿ ಸೌದೆಯ ಹೊಗೆ ತಣ್ಣಗಾಗಿ ಹೆಪ್ಪುಗಟ್ಟಿದ ಅಂಟು. ಅದು ಹೊತ್ತಿಕೊಂಡರೆ ಬಿರುಕಿನ ಮೂಲಕ ಮನೆಯ ಮರಕ್ಕೆ ಬೆಂಕಿ ತಗುಲುತ್ತದೆ. ಇದನ್ನು ಸರಿಪಡಿಸುವವರೆಗೆ ಇಲ್ಲಿ ಕಡ್ಡಿ ಗೀರಬೇಡಿ ಎಂದು ವರದಿಯಲ್ಲಿ ಬರೆದುಕೊಟ್ಟ. 325 ಡಾಲರ್. ಆ ರಾತ್ರಿ ನಿದ್ದೆ ಬರಲಿಲ್ಲ. ಹಿಂದಿನ ಚಳಿಗಾಲದಲ್ಲಿ ಇದೇ ಬೆಂಕಿಯ ಮುಂದೆ ಮಕ್ಕಳು ಆಡಿದ್ದು ಕಣ್ಣಮುಂದೆ ಬರುತ್ತಿತ್ತು.

ಒಂದು ಸಮಾಧಾನವೆಂದರೆ ಇನ್ಸರ್ಟ್ ಹಾಕಿಸುವವರಿಗೆ ಈ ಬಿರುಕು ಅಷ್ಟು ದುಬಾರಿಯಲ್ಲ. ತೆರೆದ ಫೈರ್‌ಪ್ಲೇಸ್ ಆಗಿಯೇ ಉಳಿಸಿಕೊಳ್ಳುವುದಾದರೆ ಅದರ ಅಗಲ ಬಾಯಿಗೆ ತಕ್ಕ ದೊಡ್ಡ ಕೊಳವೆ ಬೇಕು. ಇನ್ಸರ್ಟಿಗೆ ಆರು ಅಂಗುಲದ ಸ್ಟೀಲ್ ಕೊಳವೆ ಸಾಕು, ಸುತ್ತ ಶಾಖನಿರೋಧಕ ಹೊದಿಕೆ ಇರಬೇಕು ಅಷ್ಟೆ.

2025ರ ಜುಲೈ 4ರಂದು ಸಹಿಯಾದ ಕಾಯ್ದೆಯಿಂದ ನಮ್ಮ ಲೆಕ್ಕಾಚಾರಕ್ಕೆ ಗಡುವು ಬಂತು. ಸೌದೆ ಒಲೆಗೆ ಫೆಡರಲ್ ತೆರಿಗೆಯಲ್ಲಿ ಖರ್ಚಿನ 30 ಶೇಕಡಾ, ಗರಿಷ್ಠ 2,000 ಡಾಲರ್ ಕಡಿತ ಇತ್ತು. ಅದು 2025ರ ಡಿಸೆಂಬರ್ 31ಕ್ಕೆ ಕೊನೆ ಎಂದಾಯಿತು. ದುಡ್ಡು ಕಟ್ಟಿದ ದಿನಾಂಕ ಲೆಕ್ಕಕ್ಕಿಲ್ಲ, ಒಲೆ ಕೂರಿಸಿ ಬಳಕೆಗೆ ಬಂದ ದಿನಾಂಕವೇ ಲೆಕ್ಕ. ಅಂಗಡಿಗಳಲ್ಲಿ ಜಾತ್ರೆ. ಆಗಸ್ಟಿನಲ್ಲಿ ಮುಂಗಡ ಕೊಟ್ಟೆವು, ಅಕ್ಟೋಬರಿಗೆ ಬರುತ್ತದೆ ಎಂದರು. ಅಕ್ಟೋಬರಿನಲ್ಲಿ ಕೇಳಿದರೆ ನವೆಂಬರ್ ಎಂದರು. ಫೋನು ಮಾಡಿ ಮಾಡಿ ಸುಣ್ಣವಾದೆವು.

ಮಾದರಿ ಆರಿಸುವಾಗ ಒಂದು ಸೂಕ್ಷ್ಮವಿತ್ತು. ಈ ರಿಯಾಯಿತಿಗೆ ಒಲೆಯ ದಕ್ಷತೆ ಕನಿಷ್ಠ 75 ಶೇಕಡಾ ಇರಬೇಕಿತ್ತು, ಅದೂ ಸೌದೆಯ ತೇವ ಆವಿಯಾಗಲು ಬೇಕಾದ ಶಾಖವನ್ನೂ ಲೆಕ್ಕಕ್ಕೆ ಹಿಡಿಯುವ 'ಎಚ್‌ಎಚ್‌ವಿ' ಅಳತೆಯಲ್ಲಿ. ಕೆಲವು ಜಾಹೀರಾತುಗಳಲ್ಲಿ ಕಾಣುವ ದೊಡ್ಡ ಸಂಖ್ಯೆ ಆ ಶಾಖವನ್ನು ಬಿಟ್ಟು ಲೆಕ್ಕ ಹಾಕುವ 'ಎಲ್‌ಎಚ್‌ವಿ' ಅಳತೆಯದು. ಮಾರುವವರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ತಯಾರಕರ ಪ್ರಮಾಣಪತ್ರ ಕೇಳಿ ಪಡೆಯಿರಿ. ರಿಯಾಯಿತಿ ಮುಗಿದ ಮೇಲೂ ಈ ಸಂಖ್ಯೆ ನೋಡಿಯೇ ಕೊಳ್ಳುವುದು ಒಳ್ಳೆಯದು. ಜೊತೆಗೆ ಪರಿಸರ ಇಲಾಖೆಯಾದ ಇಪಿಎ 2020ರಿಂದ ಜಾರಿಗೆ ತಂದ ಹೊಗೆಯ ಮಿತಿಯನ್ನೂ ಒಲೆ ಪೂರೈಸಿರಬೇಕು. ಪರೀಕ್ಷೆಯ ವಿಧಾನಕ್ಕೆ ತಕ್ಕಂತೆ ಆ ಮಿತಿ ಗಂಟೆಗೆ 2 ಅಥವಾ 2.5 ಗ್ರಾಂ.

ಕಾಯುತ್ತಿದ್ದ ತಿಂಗಳುಗಳಲ್ಲಿ ಸೌದೆಯ ತಲೆನೋವು. ಇಲ್ಲಿ ಸೌದೆಯ ಅಳತೆ 'ಕಾರ್ಡ್': ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರ, ಎಂಟು ಅಡಿ ಉದ್ದದ ರಾಶಿ, ಒಟ್ಟು 128 ಘನ ಅಡಿ. ಪಕ್ಕದ ಶ್ರೂಸ್‌ಬರಿಯ ಗೆಳೆಯರೊಬ್ಬರು ತಮ್ಮ ಹಿತ್ತಲಲ್ಲಿ ಬಿದ್ದ ಮೇಪಲ್ ಮರವನ್ನು ಪುಕ್ಕಟೆ ಕೊಡುತ್ತೇನೆ ಎಂದರು. ಬಾಡಿಗೆ ಟ್ರಕ್ ಗೊತ್ತುಮಾಡುವ ಹೊತ್ತಿಗೆ ನೆರೆಮನೆಯ ಹಿರಿಯರು ತಡೆದರು. 2008ರಲ್ಲಿ ವೂಸ್ಟರ್ ನಗರದಲ್ಲಿ ಏಷ್ಯಾದಿಂದ ಬಂದ ಉದ್ದ ಮೀಸೆಯ ದುಂಬಿ ಪತ್ತೆಯಾಗಿ ಮೂವತ್ತು ಸಾವಿರಕ್ಕೂ ಹೆಚ್ಚು ಮರಗಳನ್ನು ಕಡಿಯಬೇಕಾಗಿ ಬಂದಿತ್ತು. ಶ್ರೂಸ್‌ಬರಿ ಆ ನಿರ್ಬಂಧಿತ ವಲಯದೊಳಗಿದೆ. ಅಲ್ಲಿನ ಸೌದೆಯನ್ನು ಹೀಗೆ ಹೊರಗೆ ಸಾಗಿಸುವಂತಿಲ್ಲ. ಮೇಪಲ್ ಆ ದುಂಬಿಗೆ ಬಲು ಇಷ್ಟ. ಪುಕ್ಕಟೆ ಸೌದೆ ಅಲ್ಲಿಯೇ ಉಳಿಯಿತು. ನಮ್ಮ ಊರಿನಲ್ಲೇ ಕೊಂಡೆವು. 'ಒಣಗಿದ್ದು' ಎಂದು ಮಾರುವವರ ಮಾತಿಗೆ ಅರ್ಥವಿಲ್ಲ. ಇಪ್ಪತ್ತೈದು ಡಾಲರಿನ ತೇವಮಾಪಕ ತಂದು, ಸೌದೆಯನ್ನು ಸೀಳಿ ಹೊಸ ಮುಖಕ್ಕೆ ಚುಚ್ಚಿ ನೋಡಿ. 20 ಶೇಕಡಾಕ್ಕಿಂತ ಕಡಿಮೆ ಇರಬೇಕು. ನಮ್ಮ ಮೊದಲ ಲೋಡಿನಲ್ಲಿ ಅರ್ಧ ಓಕ್, ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ.

ಪರ್ಮಿಟ್ ಇಲ್ಲದೆ ಇಲ್ಲಿ ಸೌದೆ ಒಲೆ ಕೂರಿಸುವಂತಿಲ್ಲ. ಅರ್ಜಿಯನ್ನು ಒಲೆ ಹಾಕುವವರೇ ಹಾಕಿದರು, ಶುಲ್ಕ 80 ಡಾಲರ್ ನಾವು ಕೊಟ್ಟೆವು. ಜೊತೆಗೆ ಒಲೆಯ ಕೈಪಿಡಿಯ ಪ್ರತಿ, ಚಿಮಣಿಯೊಳಗಿನ ಸ್ಟೀಲ್ ಕೊಳವೆಯ ವಿವರ, ಗುತ್ತಿಗೆದಾರರ ಪರವಾನಗಿ ಮತ್ತು ವಿಮೆ ಕೇಳುತ್ತಾರೆ. ಕೈಪಿಡಿ ಓದುವಾಗಲೇ ಮುಂದಿನ ಅಡ್ಡಿ ಕಂಡಿತು: ನಮ್ಮ ಗಣಪತಿ ಕೂರುವ ಮರದ ಹಲಗೆ ಒಲೆಯ ನೆತ್ತಿಗೆ ಇರಬೇಕಾದ ಅಂತರಕ್ಕಿಂತ ಹತ್ತಿರವಿತ್ತು. ಹಲಗೆ ಕಿತ್ತುಹಾಕುವ ಬದಲು ಅದರ ಕೆಳಗೆ ಕೈಪಿಡಿ ಒಪ್ಪುವ ಲೋಹದ ಶಾಖತಡೆ ಹಾಕಿಸಿದೆವು, 140 ಡಾಲರ್. ಗಣಪತಿ ಮಾತ್ರ ದೇವರಮನೆಗೆ ಹೋದ. ಒಲೆ ಕೊಳ್ಳುವ ಮೊದಲೇ ಟೇಪು ಹಿಡಿದು ಹಲಗೆಯ ಎತ್ತರ, ಗೂಡಿನ ಆಳ, ಹಿಂಬದಿಯ ಅಗಲ, ಮುಂದಿನ ಕಲ್ಲುಹಾಸಿನ ಉದ್ದ ಅಳೆದುಕೊಳ್ಳಿ.

ಒಲೆ ಕೂರಿಸಲು ಡಿಸೆಂಬರ್ ಮೊದಲ ವಾರ ಬಂದರು. ಹಳೆಯ ಡ್ಯಾಂಪರನ್ನು ಕತ್ತರಿಸಿ ತೆಗೆದರು, ಮೇಲಿನಿಂದ ಕೊಳವೆ ಇಳಿಸಿದರು. ಇಲ್ಲಿ ಒಂದು ಜಗಳವಾಯಿತು. ಕೊಳವೆ ಹಾದು ಹೋಗುವ ಗಂಟಲಿನಲ್ಲಿ, ಒಲೆಯ ಮೇಲ್ಗಡೆ, ತಗಡಿನ ತಟ್ಟೆ ಕೂರಿಸಿ ಮೇಲೆ ಶಾಖ ತಡೆಯುವ ಕಲ್ಲುಣ್ಣೆ (ರಾಕ್ ವೂಲ್) ತುಂಬಬೇಕು. ಅದಿಲ್ಲದಿದ್ದರೆ ಒಲೆಯ ಶಾಖ ಚಿಮಣಿಯ ಖಾಲಿ ಜಾಗಕ್ಕೆ ಏರಿ ಇಟ್ಟಿಗೆಯನ್ನು ಬಿಸಿ ಮಾಡುತ್ತದೆ, ಕೋಣೆಯನ್ನಲ್ಲ. ಬಂದವರು "ಮುಂದಿನ ಚೌಕಟ್ಟು ಸಾಕು, ತಟ್ಟೆ ಬೇಕಾಗಿಲ್ಲ" ಎಂದರು. ಅಂದಾಜು ಪಟ್ಟಿಯಲ್ಲಿ ಅದನ್ನು ನಾನು ಬರೆಸಿಕೊಂಡಿದ್ದೆ. ಕಾಗದ ತೋರಿಸಿದ ಮೇಲೆ ಗೊಣಗಿಕೊಂಡು ತಗಡು ಕತ್ತರಿಸಿದರು. ಇಷ್ಟೆಲ್ಲ ಪಾಡು ಪಟ್ಟು ಶಾಖವನ್ನು ಮತ್ತೆ ಚಿಮಣಿಗೇ ಕೊಡುವುದಾದರೆ ಏನು ಬಂತು? ನಿಮ್ಮ ಪಟ್ಟಿಯಲ್ಲಿ ಈ ತಟ್ಟೆ ಪ್ರತ್ಯೇಕ ಸಾಲಾಗಿ ಇರಲಿ.

ಒಲೆ 4,150, ಹೊದಿಕೆಯ ಸಮೇತ ಕೊಳವೆ 1,700, ಕೂಲಿ, ತಟ್ಟೆ ಮತ್ತು ಚಿಮಣಿಯ ಟೋಪಿ ಸೇರಿ 1,650. ಒಟ್ಟು 7,500 ಡಾಲರ್. ಚಿಮಣಿಯ ನೆತ್ತಿಯ ಸಿಮೆಂಟ್ ಬಿರುಕಿಗೆ ಬೇರೆ 400.

ಪುರಸಭೆಯ ಇನ್‌ಸ್ಪೆಕ್ಟರ್ ಕ್ರಿಸ್‌ಮಸ್‌ಗೆ ಮುಂಚೆ ಬಂದರು. ಅಂತರಗಳನ್ನು ಅಳೆದು, ಒಲೆಯ ಹಿಂದಿನ ಲೋಹದ ಚೀಟಿಯ ಫೋಟೋ ನೋಡಿ (ಒಲೆ ಕೂರಿಸುವ ಮೊದಲೇ ಅದರ ಚಿತ್ರ ತೆಗೆದಿಡಿ, ಆಮೇಲೆ ಕಾಣುವುದಿಲ್ಲ), ಪ್ರತಿ ಮಹಡಿಯಲ್ಲೂ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆಯೇ ಎಂದು ಪರೀಕ್ಷಿಸಿ ಸಹಿ ಹಾಕಿದರು. ಆ ಸಹಿಯ ಕಾಗದವನ್ನೇ ಮನೆ ವಿಮೆಯವರೂ ಕೇಳಿದರು. ವಿಮೆಯವರಿಗೆ ತಿಳಿಸದೆ ಒಲೆ ಹಾಕಿಸಿದರೆ ನಾಳೆ ಬೆಂಕಿ ಅನಾಹುತವಾದಾಗ ಪರಿಹಾರಕ್ಕೆ ತಕರಾರು ಬರಬಹುದು. ನಮ್ಮ ಕಂತು ಏರಲಿಲ್ಲ.

ಮೊದಲ ಕೆಲವು ಬೆಂಕಿ ಸಣ್ಣದಿರಬೇಕು, ಬಣ್ಣ ಕಾದು ಗಟ್ಟಿಯಾಗುವಾಗ ಕೆಟ್ಟ ವಾಸನೆ ಬರುತ್ತದೆ, ಕಿಟಕಿ ತೆರೆದಿಡಿ. ನಮ್ಮಂಥ ಅಡುಗೆಮನೆಯವರಿಗೆ ಇನ್ನೊಂದು ಮಾತು: ಒಗ್ಗರಣೆಯ ಘಾಟಿಗೆ ಅಡುಗೆಮನೆಯ ಹೊಗೆ ಎಳೆಯುವ ಫ್ಯಾನನ್ನು ಜೋರಾಗಿ ಹಾಕಿಟ್ಟು ಒಲೆಯ ಬಾಗಿಲು ತೆರೆದರೆ, ಫ್ಯಾನು ಮನೆಯ ಗಾಳಿಯನ್ನು ಎಳೆಯುವ ರಭಸಕ್ಕೆ ಒಲೆಯ ಹೊಗೆ ನಡುಮನೆಗೆ ಬರುತ್ತದೆ. ಈಗ ಮನೆಯ ಸಂದುಗಳೂ ಮುಚ್ಚಿರುವುದರಿಂದ ಇದು ಹೆಚ್ಚು. ಸೌದೆ ಹಾಕುವ ಮುಂಚೆ "ಫ್ಯಾನ್ ಆರಿಸು" ಎಂದು ಕೂಗುವುದು ನಮ್ಮಲ್ಲಿ ರೂಢಿಯಾಗಿದೆ. ಬೂದಿಯನ್ನು ಮುಚ್ಚಳವಿರುವ ಲೋಹದ ಬಕೆಟ್ಟಿನಲ್ಲಿ, ಮನೆಯ ಹೊರಗೆ, ಮರದ ಜಗಲಿಯಿಂದ ದೂರ ಇಡಿ. ಅದರೊಳಗಿನ ಕೆಂಡ ದಿನಗಟ್ಟಲೆ ಜೀವಂತವಾಗಿರುತ್ತದೆ.

2026ರ ಜನವರಿಯಲ್ಲಿ ಎಣ್ಣೆಯವನು ತುಂಬಿದ್ದು ಹಿಂದಿನ ವರ್ಷದ ಇದೇ ತಿಂಗಳಿಗಿಂತ ಸ್ಪಷ್ಟವಾಗಿ ಕಡಿಮೆ. ಅದರಲ್ಲಿ ಒಲೆಯ ಪಾಲೆಷ್ಟು, ಅಟ್ಟದ ತಗಡಿನ ಪಾಲೆಷ್ಟು ಎಂದು ಬಿಡಿಸಲಾರೆ. ಆದರೆ ಒಲೆ ಬರುವುದಕ್ಕೆ ಮುಂಚೆಯೇ, ನವೆಂಬರಿನ ಚಳಿಯಲ್ಲೇ ಮಕ್ಕಳ ಕೋಣೆ ಬೆಚ್ಚಗಿತ್ತು. ಹಾಗಾಗಿ ಯಾರಾದರೂ ಕೇಳಿದರೆ ಮೊದಲು ಅಟ್ಟ, ಆಮೇಲೆ ಪ್ಲಗ್, ಒಲೆ ಕೊನೆಗೆ ಎನ್ನುತ್ತೇನೆ.

ತೆರಿಗೆಗೆ 5695ನೇ ನಮೂನೆ ತುಂಬಿದ್ದೇವೆ. 7,500ರ 30 ಶೇಕಡಾ 2,250 ಆದರೂ ಸಿಗುವುದು ಗರಿಷ್ಠ 2,000 ಮಾತ್ರ. ಇದು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವ ಮೊತ್ತ. ತೆರಿಗೆಯೇ ಅಷ್ಟಿಲ್ಲದಿದ್ದರೆ ಉಳಿದದ್ದು ಮುಂದಿನ ವರ್ಷಕ್ಕೆ ಹೋಗುವುದಿಲ್ಲ. 2025ರೊಳಗೆ ಒಲೆ ಹಾಕಿಸಿ ಇನ್ನೂ ಅರ್ಜಿ ತುಂಬದವರು ರಸೀದಿ, ತಯಾರಕರ ಪ್ರಮಾಣಪತ್ರ, ಇನ್‌ಸ್ಪೆಕ್ಟರ್ ಸಹಿಯ ಪ್ರತಿ ಮೂರನ್ನೂ ಒಂದೇ ಕಡತದಲ್ಲಿಡಿ. ಹಸಿ ಓಕ್‌ಗೆ ತಗಡು ಹೊದಿಸಿ ಹಿತ್ತಲಲ್ಲಿ ಪೇರಿಸಿದ್ದೇವೆ. ಓಕ್ ಒಣಗಲು ಎರಡು ವರ್ಷ ಬೇಕಂತೆ, ಆದ್ದರಿಂದ ಮುಂದಿನ ಚಳಿಗಾಲದ ಸೌದೆಗೆ ಬೇಸಿಗೆಯಲ್ಲೇ ಬೇರೆ ವ್ಯಾಪಾರಿಯನ್ನು ಹುಡುಕಬೇಕು.